ಕಂಬವಿಲ್ಲದ ಹಜಾರದ ಮೇಲೆ ನೂರು ಜನ

ಹಳೆಯ ಕಟ್ಟಡಗಳ ರಕ್ಷಣಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ, ಬರುವ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ತಾವು ನೂರು ಜನರನ್ನು ಹಳೇ ಬಂಗಲೆಯ ಮಹಡಿ ಹತ್ತಿಸಿ ದೆವ್ವದ ಹೆಜ್ಜೆ ಸಪ್ಪಳ ಕೇಳಿಸಲಿದ್ದೀರಿ. ಅವರ ಮುಂದೆ ನಡೆಯುವ ಗೈಡ್ ನಮ್ಮಮ್ಮ. ಆದ್ದರಿಂದ ತಪ್ಪೊಪ್ಪಿಗೆಯನ್ನು ಈಗಲೇ ಸಲ್ಲಿಸುತ್ತೇನೆ: ಆ ದೆವ್ವ ನಾನೇ. ಹೋದ ಬೇಸಿಗೆ ರಜೆಯಲ್ಲಿ ಅಮ್ಮನ ಬೀಗದ ಕೈ ಎಗರಿಸಿ, ಅಪ್ಪನ ಬೂಟು ಮೆಟ್ಟಿ, ಮಹಡಿಯ ಮುಚ್ಚಿದ ಕೋಣೆಯಲ್ಲಿ ಹದಿನೈದು ದಿನ ಶ್ರದ್ಧೆಯಿಂದ ಓಡಾಡಿದೆ. ಬಂಗಲೆ ಕಟ್ಟಿಸಿದ ಹಡಗು ವ್ಯಾಪಾರಿಯ ಹೆಂಡತಿಯ ಆತ್ಮವೆಂದು ತಮ್ಮ ಇಲಾಖೆ ಫಲಕವನ್ನೇ ಬರೆಸಿತು. ಇತಿಹಾಸದಲ್ಲಿ ಎರಡು ಸಲ ಡುಮ್ಕಿ ಹೊಡೆದವಳು ಇತಿಹಾಸ ಸೃಷ್ಟಿಸಿದೆನಲ್ಲ ಎಂದು ಬೀಗಿದೆ.

ನಾನು ಬೂಟು ಕಳಚಿಟ್ಟು ಎಂಟು ತಿಂಗಳಾಯಿತು. ಸಪ್ಪಳ ಮಾತ್ರ ನಿಂತಿಲ್ಲ.

ಫಲಕದಲ್ಲಿಲ್ಲದ ಇತಿಹಾಸವನ್ನೂ ಸ್ವಲ್ಪ ಕೇಳುವ ಕೃಪೆಯಾಗಲಿ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕಟ್ಟಿದ ಈ ಮನೆಯ ನಡುಗೋಡೆಯನ್ನು ಆ ವ್ಯಾಪಾರಿ, ಮಗಳ ಮದುವೆಯಲ್ಲಿ ಕುಣಿಯಲು ಜಾಗ ಸಾಲದೆಂದು ಒಡೆಸಿದ. ಇಡೀ ಮಹಡಿಯ ಭಾರ ಒಂದೇ ಮರದ ತೊಲೆಯ ಮೇಲೆ ಬಿತ್ತು. ಮುಂದೆ ಅದು ಶಾಲೆಯಾದಾಗ ಹೆಡ್‌ಮಾಸ್ಟರೊಬ್ಬರು ಬಾಗಿದ ತೊಲೆಗೆ ಎರಡು ಕಬ್ಬಿಣದ ಕಂಬ ಕೊಡಿಸಿದರು. ಅರವತ್ತು ವರ್ಷ ಮಕ್ಕಳು ಆ ಕಂಬ ಸುತ್ತಿ ಆಡಿದರು. ದೆವ್ವದ ಫಲಕದ ಬೆನ್ನಲ್ಲೇ ತಾವು, "ಮೂಲ ಸ್ವರೂಪಕ್ಕೆ ಧಕ್ಕೆ" ಎಂದು ಕಂಬ ಕಿತ್ತು ಹಿತ್ತಲಿಗೆ ಎಸೆಸಿ, "ಕಂಬವಿಲ್ಲದ ಭವ್ಯ ಹಜಾರ" ಎಂದು ಇನ್ನೊಂದು ಫಲಕ ನೆಟ್ಟಿರಿ. ಮುದುಕಿಯನ್ನು ಕಾಪಾಡಲು ಬಂದವರು ಮೊದಲು ಅವಳ ಊರುಗೋಲು ಕಸಿಯುವುದು ಯಾವ ಊರಿನ ನ್ಯಾಯ?

ಗಾರೆ ಕೆಲಸದ ನಮ್ಮ ಸೋದರಮಾವ ತೊಲೆಯ ಕೆಳಗೆ ಗೋಡೆಯಲ್ಲಿ ಬಿಟ್ಟಿದ್ದ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಸಿಮೆಂಟು ಮೆತ್ತಿ ಕೂರಿಸಿದ. "ಪುಟ್ಟಿ, ಇದು ಒಡೀತು ಅಂದ್ರೆ ಗೋಡೆ ಇನ್ನೂ ಬಾಯಿ ಬಿಡ್ತಿದೆ ಅಂತ ಲೆಕ್ಕ." ನಾಲ್ಕನೇ ದಿನಕ್ಕೆ ಒಡೆದಿತ್ತು. ತಮ್ಮ ಕಚೇರಿಗೆ ಓಡಿದೆ. ಗುಮಾಸ್ತರು ತಲೆಯೆತ್ತದೆ, "ಏನಮ್ಮ, ಹೊಸ ಕೀಟಲೆನಾ?" ಎಂದರು. ಮರುದಿನ ತಮ್ಮ ಇಲಾಖೆಯವರು ಬಂದು ಗಾಜು ಕೆರೆದು ಬಿರುಕಿಗೆ ಸುಣ್ಣ ಬಳಿದರು. ಸ್ಮಾರಕವನ್ನು ವಿರೂಪಗೊಳಿಸಿದ್ದಕ್ಕೆ ಮಾವನಿಗೆ ನೋಟಿಸು.

ಅಮ್ಮನಿಗೆ ಬೂಟಿನ ಕಥೆ ಹೇಳಿದೆ. ಬೈಯಲಿಲ್ಲ. "ಹಾಗಾದ್ರೆ ಈಗ ನಡೀತಿರೋದು ಯಾರೇ?" ಅಂದಳು.

"ತೊಲೆ ಕಣಮ್ಮ, ಮುರೀತಾ ಇದೆ. ನೀನು ಹೋಗ್ಬೇಡ."

"ನಾನು ಹೋಗದಿದ್ರೆ ಇನ್ನೊಬ್ಬಳನ್ನ ಕಳಿಸ್ತಾರೆ. ಅವಳೂ ಯಾರದೋ ಅಮ್ಮ ಅಲ್ವೇನೇ?"

ನಿನ್ನೆ ಹಜಾರದಲ್ಲಿ ನಿಂತಿದ್ದೆ. ಮೇಲೆ ಯಾರೂ ಇಲ್ಲ. ಚಟ್ ಎಂದಿತು, ನನ್ನ ತೋಳಿನ ಮೇಲೆ ಮರದ ಪುಡಿ ಉದುರಿತು. ನೋಡಲು ಬಂದವರು ಚಪ್ಪಾಳೆ ತಟ್ಟಿದರು.

ಮಹಡಿಗೆ ಬೀಗ ಹಾಕಿಸಿ. ಕಂಬಗಳನ್ನು ತಂದು ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿ. ದೆವ್ವವಾಗಿದ್ದಕ್ಕೆ ಶಿಕ್ಷೆಯನ್ನು ಆಮೇಲೆ ನಿಧಾನವಾಗಿ ದಯಪಾಲಿಸಿ, ಎಲ್ಲಿಗೂ ಓಡುವುದಿಲ್ಲ. ಬೀಗ ಬೀಳದಿದ್ದರೆ ಭಾನುವಾರ ಹತ್ತೂವರೆಗೆ ಮೆಟ್ಟಿಲಿಗೆ ಅಡ್ಡ ಮಲಗುತ್ತೇನೆ. ನನ್ನನ್ನು ದಾಟುವ ಮೊದಲ ಕಾಲು ತಮ್ಮದೇ ಆಗಿರಬೇಕೆಂದು ವಿನಂತಿ.

ಇಂತಿ,
ಈ ಸಲ ತಮಾಷೆಯಲ್ಲವೆಂದು ಯಾರನ್ನೂ ನಂಬಿಸಲಾರದ,
ಗೈಡಮ್ಮನ ಮಗಳು