ದೊರೆಯವರ ಬಗ್ಗೆ ನಾನು ಹೇಳಿದ್ದು

ನಮ್ಮ ದೊರೆಸಾನಮ್ಮನವರಿಗೆ,

ಹಾಗೆ ಕರೆದರೆ ನಿಮಗೆ ಸಿಟ್ಟು ಬರುತ್ತಿತ್ತು. "ನಾನು ಯಾವ ದೇಶದ ರಾಣಿ? ಅಕ್ಕ ಅನ್ನು," ಅಂತಿದ್ದಿರಿ. ಅರವತ್ತೈದು ದಾಟಿದವರನ್ನು ಮೂವತ್ತರ ನಾನು ಅಕ್ಕ ಅನ್ನುವುದು ಹೇಗೆ? ಕೊನೆಗೆ ಅಮ್ಮ ಅನ್ನುವಲ್ಲಿಗೆ ಇಬ್ಬರೂ ರಾಜಿಯಾದೆವು. ಅಮ್ಮ, ನಾನು ನಾರಾಯಣಮ್ಮ. ಸುಗಟೂರಿನ ನಿಮ್ಮ ಮನೆಯಲ್ಲಿ ಏಳು ವರ್ಷ ಅಡುಗೆ ಮಾಡಿದವಳು. ನೀವು ತೀರಿಹೋದ ಸುದ್ದಿಯನ್ನು ಕೋಲಾರದ ಪಾದ್ರಿಗಳು ಹೇಳಿ ಒಂದು ವರ್ಷವಾಯಿತು. ನೀವಿದ್ದಾಗ ಎಷ್ಟೋ ಕಾಗದ ಬರೆಸಿ ಹಾಕಿದೆ, ಒಂದರಲ್ಲೂ ಈ ಮಾತು ಹೇಳಲಿಲ್ಲ. ನಿಮ್ಮಿಬ್ಬರನ್ನು ಇಲ್ಲಿಂದ ವಾಪಸ್ ಕರೆಸಿಕೊಂಡಿದ್ದು ಯಾಕೆ ಅಂತ ನನಗೆ ಗೊತ್ತಿತ್ತು. ಅದನ್ನು ಹೇಳುವುದಕ್ಕೇ ಇವತ್ತು ಕೂತಿದ್ದೇನೆ. ಆದರೆ ನೇರವಾಗಿ ಹೇಳುವ ಧೈರ್ಯ ಇನ್ನೂ ಬಂದಿಲ್ಲ, ಸ್ವಲ್ಪ ಸುತ್ತಿ ಬರುತ್ತೇನೆ.

ನೀವು ಬಂದ ಮೊದಲ ವಾರ ನೆನಪಿದೆಯಾ? ಎಮರ್ಜೆನ್ಸಿ ಮುಗಿದ ವರ್ಷ. ನಿಮ್ಮ ದೇಶದಲ್ಲಿ ಕೆಲಸದಿಂದ ರಿಟೈರ್ ಆಗಿ, ಆರಾಮವಾಗಿ ಕೂತು ಉಣ್ಣಬೇಕಾದ ವಯಸ್ಸಿನಲ್ಲಿ ಗಂಡಹೆಂಡಿರಿಬ್ಬರೂ ಮಿಷನ್ ಸೇವೆ ಅಂತ ನಮ್ಮೂರಿಗೆ ಬಂದಿರಿ. ಮೂರನೇ ದಿನವೇ ನಿಮ್ಮ ಯಜಮಾನರು, ನಮ್ಮೆಲ್ಲರ ಬಾಯಲ್ಲಿ ದೊರೆಯವರು, ತೊಟ್ಟಿ ಪಕ್ಕದ ಕಲ್ಲಿನ ಮೇಲೆ ನಿಮ್ಮ ಬಟ್ಟೆ ಒಗೆಯಲು ನಿಂತುಬಿಟ್ಟರು. ನಮ್ಮ ಅತ್ತೆ ಅದನ್ನು ನೋಡಿ ಸೀದಾ ನನ್ನ ಹತ್ತಿರ ಬಂದರು. "ಏನೇ ನಾರಾಯಣೀ, ದೊರೆ ಹೆಂಡ್ತಿ ಬಟ್ಟೆ ಒಗೀತಾವ್ರೆ. ನಿಂಗೆ ಕೈ ಬಿದ್ದೋಗಿತ್ತಾ?" ನಾನು ಓಡಿಹೋಗಿ ಕಿತ್ತುಕೊಳ್ಳಲು ನೋಡಿದರೆ ಅವರು ಕೊಡಲಿಲ್ಲ. ನೀವು ಔಷಧದ ಕೋಣೆಯ ಕಿಟಕಿಯಿಂದ ನೋಡುತ್ತಾ ನಗುತ್ತಿದ್ದಿರಿ. ಆವತ್ತಿಂದ ಅತ್ತೆ ದಿನಾ ಅದೇ ಹೊತ್ತಿಗೆ ಎಮ್ಮೆ ಹೊಡೆದುಕೊಂಡು ನಿಮ್ಮ ಮನೆ ಮುಂದೆ ಹೋಗುತ್ತಿದ್ದರು, ಬರೀ ನೋಡುವುದಕ್ಕೆ.

ಬೆಳಗಿನ ಆರು ಗಂಟೆ ಅಂದರೆ ನನಗೆ ಈಗಲೂ ನಿಮ್ಮ ಜಗಲಿ. ಇಬ್ಬರೂ ಒಂದೇ ಬೈಬಲ್ ಹಿಡಿದು, ಅವರು ಒಂದು ಸಾಲು ನೀವು ಒಂದು ಸಾಲು ಓದುವುದು. ಆಮೇಲೆ ಓಟ್ಸ್ ಗಂಜಿ. ಊರಿಂದ ತಂದ ಡಬ್ಬ ಖಾಲಿಯಾದ ಮೇಲೆ ರಾಗಿ ಅಂಬಲಿ, ಅದಕ್ಕೂ ಸಕ್ಕರೆ. ಎಂಟಕ್ಕೆ ನೀವು ಗಾಯ ಕಟ್ಟಲು, ಕಿವಿಗೆ ಔಷಧ ಬಿಡಲು ಕೂರುತ್ತಿದ್ದಿರಿ. ದೊರೆಯವರು ಸ್ಪ್ಯಾನರ್ ಚೀಲ ಹೆಗಲಿಗೆ ಹಾಕಿಕೊಂಡು ಯಾರ ತೋಟದಲ್ಲಿ ಪಂಪ್‌ಸೆಟ್ ಕೆಟ್ಟಿದೆಯೋ ಅಲ್ಲಿಗೆ. ಏಸುವಿನ ಬಗ್ಗೆ ಅವರು ಯಾರಿಗೆ ಎಷ್ಟು ಹೇಳಿದರೋ ನನಗೆ ಗೊತ್ತಿಲ್ಲ. ಟೊಮೇಟೊ ಗಿಡಕ್ಕೆ ನೀರು ಹತ್ತಿಸಿದ್ದು ಮಾತ್ರ ಸುತ್ತ ಹತ್ತೂರಿಗೆ ಗೊತ್ತು. ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಇಬ್ಬರೂ ಕೈ ಹಿಡಿದುಕೊಂಡು ಕುರ್ಚಿಯಲ್ಲೇ ನಿದ್ದೆ ಹೋಗುವುದು. ನಾನು ಪಾತ್ರೆ ಸದ್ದು ಮಾಡದೆ ತೊಳೆಯುವುದನ್ನು ಕಲಿತದ್ದು ಆಗಲೇ. ನಮ್ಮ ಮನೆಯಲ್ಲಿ ಗಂಡಹೆಂಡಿರು ಹಗಲು ಹೊತ್ತು ಎದುರುಬದುರು ಕೂತಿದ್ದೂ ಇಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಅಮ್ಮ, ಈಗ ಹೇಳಿದರೇನು.

ಒಂದು ದಿನ ದೊರೆಯವರು ಸ್ಪ್ಯಾನರನ್ನು ಕೈಯಲ್ಲಿ ಹಿಡಿದು, "ಇದು ಏನು ಮಾಡುತ್ತದೆ?" ಅಂತ ನನ್ನನ್ನು ಕೇಳಿದರು. ತಮಾಷೆ ಅಂದುಕೊಂಡೆ. ನಿಮ್ಮ ಮುಖ ನೋಡಿದ ಮೇಲೆ ತಮಾಷೆಯಲ್ಲ ಅಂತ ತಿಳಿಯಿತು. ಆಮೇಲೆ ಒಂದೊಂದೇ ಮರೆತರು. ಚಪ್ಪಲಿ ಮರೆತು ಹೋದರು, ಮನೆ ಮರೆತು ಹೋದರು. ಟೋಪಿ ಹಾಕಿಕೊಂಡು ಯಾವ ಬಸ್ ಬಂದರೆ ಅದಕ್ಕೆ ಹತ್ತಿಬಿಡುವುದೊಂದು ಅಭ್ಯಾಸವಾಯಿತು. ಒಂದು ಸಲ ಯಲ್ದೂರಿನ ಮಾವಿನ ತೋಪಿನಲ್ಲಿ ಕಾವಲುಗಾರ ಮುದ್ದೆ ಕೊಟ್ಟು ಮಲಗಿಸಿಕೊಂಡಿದ್ದ. ಇನ್ನೊಂದು ಸಲ ಶಿವಾರಪಟ್ಟಣಕ್ಕೆ ಹೋಗಿ, ವಿಗ್ರಹ ಕೆತ್ತುವವರ ಅಂಗಳದಲ್ಲಿ ಸಂಜೆವರೆಗೂ ಕಲ್ಲಿನ ಸದ್ದು ಕೇಳುತ್ತಾ ಕೂತಿದ್ದರಂತೆ. ಆ ಶಿಲ್ಪಿ ತಾನೇ ಕೋಲಾರದ ಬಸ್ ಸ್ಟ್ಯಾಂಡಿಗೆ ಕರೆತಂದು ನಮ್ಮೂರಿನ ಕಂಡಕ್ಟರ್ ಕೈಗೆ ಒಪ್ಪಿಸಿದ. ಕಂಡಕ್ಟರ್ ಬಾಗಿಲಲ್ಲಿ ನಿಂತು ತನ್ನ ಅರ್ಧ ತೆಲುಗಿನಲ್ಲಿ, "ಅಮ್ಮಾ, ಮೀ ದೊರೆಗಾರು ಬಂದವ್ರೆ, ಇಳಿಸ್ಕೊಳ್ಳಿ," ಅಂದ. ನೀವು ಅವನ ಎರಡೂ ಕೈ ಹಿಡಿದುಕೊಂಡಿರಿ.

ಈಗ ಆ ದಿನಕ್ಕೆ ಬರಲೇಬೇಕು. ನಿಮ್ಮ ಮಿಷನ್ನಿನ ದೊಡ್ಡವರು ನಿಮ್ಮ ದೇಶದಿಂದ ಬಂದರಲ್ಲ, ನೀವಿಬ್ಬರೂ ಇನ್ನೂ ಇಲ್ಲಿರಬಹುದೋ ಬೇಡವೋ ಅಂತ ನೋಡಿಹೋಗುವುದಕ್ಕೆ. ಇಲ್ಲೇ ಸಾಯಬೇಕು, ಈ ಮಣ್ಣಿನಲ್ಲೇ ಇಬ್ಬರೂ ಮಲಗಬೇಕು ಅನ್ನುವುದು ನಿಮ್ಮ ಆಸೆ. ವಾರದಿಂದ ದೊರೆಯವರಿಗೆ ಬಂದವರ ಹೆಸರು ಬಾಯಿಪಾಠ ಮಾಡಿಸಿದ್ದಿರಿ. ನನಗೆ ಹೇಳಿದ್ದು ಒಂದೇ ಮಾತು. "ಕೇಳಿದರೆ ಚೆನ್ನಾಗಿದ್ದಾರೆ ಅನ್ನು, ಸಾಕು." ನೀವು ಹಿತ್ತಲಲ್ಲಿ ದೊರೆಯವರಿಗೆ ಸ್ನಾನ ಮಾಡಿಸುತ್ತಿದ್ದಾಗ ಆ ದೊಡ್ಡವರು ಅಡುಗೆಮನೆಗೇ ಬಂದರು. ಜೊತೆಗೆ ಮಾತು ತಿರುಗಿಸಿ ಹೇಳಲು ಬೆಂಗಳೂರಿನ ಒಬ್ಬ ಹೆಂಗಸು. ದೊರೆಯವರು ಹೇಗಿದ್ದಾರೆ ಅಂತ ಕೇಳಿದರು. ಚೆನ್ನಾಗವ್ರೆ ಅಂದೆ. ಅಲ್ಲಿಗೆ ನಿಲ್ಲಿಸಬಾರದಿತ್ತೇ?

ನಿಲ್ಲಿಸಲಿಲ್ಲ ಅಮ್ಮ. ಬರೀ ಚೆನ್ನಾಗಿದ್ದಾರೆ ಅಂದರೆ ನಂಬುತ್ತಾರೋ ಇಲ್ಲವೋ, ಸಾಕ್ಷಿ ಸಮೇತ ಹೇಳೋಣ ಅನ್ನಿಸಿತು. "ಅವ್ರಿಗೇನು ಕಮ್ಮಿ ಸಾರ್? ಯಾವ್ ಬಸ್ ಹತ್ತಿದ್ರೂ ಕಂಡಕ್ಟರ್ ವಾಪಸ್ ತಂದ್ ಬಿಡ್ತಾನೆ. ಎಲ್ಲಿ ಕೂತ್ರೂ ಜನ ಉಣ್ಣಕ್ ಇಕ್ತಾರೆ. ಶಿವಾರಪಟ್ಟಣದ ತನಕ ಹೋದ್ರೂ ಒಂದ್ ಗಾಯ ಇಲ್ದೆ ಬಂದ್ರು. ಇಡೀ ಜಿಲ್ಲೇನೇ ನೋಡ್ಕೊಳ್ತೈತೆ." ಯಲ್ದೂರಿನ ತೋಪಿನದ್ದೂ ಹೇಳಿದೆ. ಅವರು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಬರೆದುಕೊಂಡಷ್ಟೂ ನನಗೆ ಹುಮ್ಮಸ್ಸು. ನಮ್ಮ ಜನ ದೊರೆಯವರನ್ನು ಹೇಗೆ ಇಟ್ಟುಕೊಂಡಿದ್ದಾರೆ ಅಂತ ಹೆಮ್ಮೆಯಿಂದ ಹೇಳಿದ ಒಂದೊಂದು ಮಾತೂ ಆ ಪುಸ್ತಕದಲ್ಲಿ ಅವರು ದಾರಿ ತಪ್ಪಿದ ಲೆಕ್ಕವಾಗಿ ಇಳಿಯುತ್ತಿತ್ತು ಅಂತ ಆಗ ನನಗೆ ಹೇಗೆ ಗೊತ್ತಾಗಬೇಕು? ನಿಮ್ಮನ್ನು ಕರೆಸಿಕೊಳ್ಳುವ ಕಾಗದ ಬಂದ ಮೇಲೇ ನನಗೆ ಹೊಳೆದದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ವಾಪಸ್ ಬರಬೇಕು ಅನ್ನುವ ಕಾಗದ ಬಂದ ಸಂಜೆ ನೀವು ದೊರೆಯವರ ಮೇಲೆ ರೇಗಿದಿರಿ. ಏಳು ವರ್ಷದಲ್ಲಿ ಅದೊಂದೇ ಸಲ. ಆ ದೊಡ್ಡವರು ಬಂದ ದಿನ ಊಟದ ಹೊತ್ತಿನಲ್ಲಿ ದೊರೆಯವರು ಅವರನ್ನು ತಮ್ಮ ಅಣ್ಣನ ಹೆಸರು ಹಿಡಿದು ಕರೆದಿದ್ದರಲ್ಲ, ಅದರಿಂದಲೇ ಎಲ್ಲ ಕೆಟ್ಟಿತು ಅಂತ ನೀವು ತಿಳಿದಿದ್ದಿರಿ. ಅವರು ಏನೂ ಅರ್ಥವಾಗದೆ ತಲೆ ತಗ್ಗಿಸಿಕೊಂಡು ಕೂತಿದ್ದರು. ಆಮೇಲೆ ನೀವೇ ಅವರ ಪಕ್ಕ ಕೂತು ಅತ್ತಿರಿ. ನಾನು ಬಾಗಿಲ ಹತ್ತಿರ ತಟ್ಟೆ ಹಿಡಿದು ನಿಂತಿದ್ದೆ. ಅದು ಅವರ ತಪ್ಪಲ್ಲ, ನನ್ನ ಬಾಯಿಯ ತಪ್ಪು ಅಂತ ಹೇಳಬಹುದಿತ್ತು. ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋದೆ.

ನಿಮ್ಮ ಮೊದಲನೇ ಕಾಗದ ಓದಿಸಿಕೊಂಡ ದಿನ ನಾನು ಊಟ ಮಾಡಲಿಲ್ಲ. ದೊರೆಯವರನ್ನು ಒಂದು ವೃದ್ಧಾಶ್ರಮದಲ್ಲಿ ಇಟ್ಟಿದ್ದೀರಿ, ಅಲ್ಲಿ ಬಾಗಿಲಿಗೆ ಸದಾ ಬೀಗ, ಅವರು ದಿನಾ ಬೆಳಿಗ್ಗೆ ಟೋಪಿ ಹಾಕಿಕೊಂಡು ಆ ಬಾಗಿಲ ಮುಂದೆ ಬಸ್ ಕಾಯುತ್ತಾರೆ ಅಂತ ಬರೆದಿದ್ದಿರಿ. ಅಲ್ಲಿ ಚಳಿಯಂತೆ. ಅವರು ಹೋದರು, ಆಮೇಲೆ ನಿಮ್ಮ ಕಾಗದಗಳು ಗಿಡ್ಡವಾದವು, ಆಮೇಲೆ ನೀವೂ... ನಿಮ್ಮನ್ನು ಎಷ್ಟು ನೆನೆಯುತ್ತೇನೆ ಅಂತ ಹೇಳಲು ಬರುವುದಿಲ್ಲ ಅಮ್ಮ. ಆರು ಗಂಟೆಗೆ ಎದ್ದು ಸುಮ್ಮನೆ ಕೂತಿರುತ್ತೇನೆ. ಕ್ಷಮಿಸಿ ಅಂತ ಯಾರನ್ನು ಕೇಳಲಿ?

ಇನ್ನೊಂದು ಸುದ್ದಿ ಇದೆ. ನಮ್ಮ ಅತ್ತೆಗೂ ಈಗ ದೊರೆಯವರ ಹಾಗೇ ಆಗಿದೆ. ನನ್ನನ್ನು ತಮ್ಮ ತಂಗಿ ಅನ್ನುತ್ತಾರೆ, ಎಮ್ಮೆ ಹುಡುಕುತ್ತೇನೆ ಅಂತ ಎಲ್ಲೆಲ್ಲಿಗೋ ಹೊರಟುಬಿಡುತ್ತಾರೆ. ಸೊಪ್ಪು ಮಾರುವವರು, ಹಾಲಿನ ಡೈರಿಯವರು, ಬಸ್ಸಿನವರು, ಯಾರಾದರೂ ಕರೆತಂದು ಬಿಡುತ್ತಾರೆ. ಹೋದ ವಾರ ಕೋಲಾರದ ಡಾಕ್ಟರಿಗೆ ತೋರಿಸಿದೆವು. ಅವರು ಚೀಟಿಯ ಮೇಲೆ ಪೆನ್ ಇಟ್ಟುಕೊಂಡು, "ಮನೆ ಬಿಟ್ಟು ಒಬ್ಬರೇ ಎಲ್ಲಿಗಾದ್ರೂ ಹೋಗ್ತಾರೇನಮ್ಮ?" ಅಂತ ಕೇಳಿದರು. ನನ್ನ ಗಂಡ ನನ್ನ ಮುಖ ನೋಡಿದ.

"ಇಲ್ಲ ಸಾರ್," ಅಂದೆ. "ಚೆನ್ನಾಗವ್ರೆ."

ನಿಮ್ಮ,
ನಾರಾಯಣಮ್ಮ