ಆಸ್ಪತ್ರೆಯ ದೃಶ್ಯದಲ್ಲಿದ್ದ ಮಗು

ಡಿಸೆಂಬರ್ 31, ರಾತ್ರಿ

ಇವತ್ತಿನದನ್ನು ನೋಡಬಾರದಿತ್ತೇನೋ. ದಿನಕ್ಕೊಂದರಂತೆ ಮುನ್ನೂರ ಅರವತ್ತೈದು ಸಿನಿಮಾ ಮುಗಿದವು. ಮನಸ್ಸಿಗೆ ಹಿಡಿಸಿದವು ಮೂರೇ, ಮೂರೂ ಡಬ್ಬಾ ಸಿನಿಮಾಗಳು. ಕಥೆ ಯಾರಿಗೆ ಬೇಕಿತ್ತು? ಅಮ್ಮ ಸಿನಿಮಾದ ಜನಜಂಗುಳಿಯ ದೃಶ್ಯಗಳಲ್ಲಿ ದಿನಗೂಲಿಗೆ ನಿಲ್ಲುತ್ತಿದ್ದವಳು. ಯಾವ ಯಾವ ಚಿತ್ರಗಳೆಂದು ಹೇಳದೆಯೇ ತೀರಿಕೊಂಡಳು. ವರ್ಷವಿಡೀ ಅವಳನ್ನೇ ಹುಡುಕಿದೆ.

ಒಂದರಲ್ಲಿ ರೈಲು ನಿಲ್ದಾಣದಲ್ಲಿ ಅವಳ ಬೆನ್ನಷ್ಟೇ ಕಾಣುತ್ತದೆ. ಇನ್ನೊಂದರಲ್ಲಿ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ಆಕಳಿಕೆ ನುಂಗುತ್ತಾಳೆ.

"ಅಪ್ಪಿತಪ್ಪಿ ಕ್ಯಾಮೆರಾ ಕಡೆ ನೋಡಿದ್ರೆ ಮಾರನೇ ದಿನ ಕರೆಯೋದಿಲ್ಲ ಕಣೇ" ಎನ್ನುತ್ತಿದ್ದಳು. ಆ ಅಭ್ಯಾಸಕ್ಕೆ ಮನೆಯ ಫೋಟೋಗಳಲ್ಲೂ ಮುಖ ಪಕ್ಕಕ್ಕೆ.

ಇವತ್ತಿನದರಲ್ಲಿ ಆಸ್ಪತ್ರೆಯ ಕಾರಿಡಾರಿನಲ್ಲಿ ನಾಯಕ ಓಡುತ್ತಾನೆ. ಹಿಂದೆ, ಗೋಡೆಗೊರಗಿ ಅಮ್ಮ, ಸೊಂಟದ ಮೇಲೊಂದು ಮಗು. ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಾಳೆ. ಸಾಲದೆಂಬಂತೆ ಮಗುವಿನ ಗಲ್ಲ ಹಿಡಿದು ಅದರ ಮುಖವನ್ನೂ ಇತ್ತ ತಿರುಗಿಸುತ್ತಾಳೆ. ಚಿತ್ರ ಬಂದದ್ದು ಅಕ್ಕ ಹುಟ್ಟುವ ಎರಡು ವರ್ಷ ಮೊದಲು.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅತ್ತ ಅವಳು ಬಾಗಿಲು ಹಾಕಿಕೊಂಡ ಸದ್ದು.

"ನಮಗೊಬ್ಬ ಅಣ್ಣ ಇದ್ದ ಕಣೇ. ವರ್ಷ ತುಂಬೋ ಮುಂಚೇನೇ ಹೋಗ್ಬಿಟ್ಟ. ನಿಂಗೆ ಹೇಳ್ಬೇಡ ಅಂದಿದ್ಲು ಅಮ್ಮ. ಅವನದೊಂದು ಫೋಟೋನೂ ಇಲ್ಲ."

"ಇದೆ" ಎಂದೆ.

ಹನ್ನೊಂದು ಸಲ ಹಿಂದಕ್ಕೆ ಓಡಿಸಿ ನೋಡಿದೆ. ಈಗ ಅಲ್ಲೇ ನಿಲ್ಲಿಸಿಟ್ಟಿದ್ದೇನೆ. ನಿದ್ದೆ ಎಳೆಯುತ್ತಿದೆ, ಪರದೆ ಆರಿಸಲು ಮಾತ್ರ ಕೈ ಏಳುತ್ತಿಲ್ಲ. ಅಮ್ಮ ತಿರುಗಿಸಿದ ಕಡೆಗೇ ಅವನು ನೋಡುತ್ತಿದ್ದಾನೆ, ಕಣ್ಣು ಮಿಟುಕಿಸದೆ, ಇಲ್ಲಿ ನಾನು…