ಫೋನಿನ ದನಿ

ಸ್ಕಾರ್‌ವಿಕ್,
ಅಕ್ಟೋಬರ್ ೧೪, ಮಂಗಳವಾರ

ಪ್ರೀತಿಯ ಲೊರೇನ್,

ಅಮ್ಮ ನಮ್ಮ ಕೋಣೆಯ ದೀಪ ಆರಿಸುವಾಗ ಹೇಳುತ್ತಿದ್ದ ಸಾಲೊಂದು ಮೊನ್ನೆಯಿಂದ ಅರ್ಧಂಬರ್ಧ ನೆನಪಾಗಿ ಕಾಡುತ್ತಿದೆ. ‘ದೀಪ ಆರಿಸು, ಚಿಲಕ ಬಿಡು, ಯಾರೋ ಇನ್ನೂ ದಾರಿಯಲ್ಲಿದ್ದಾರೆ.’ ‘ಯಾರೋ’ ಎಂದೇ ಇತ್ತೇ, ಅಥವಾ ‘ನಮ್ಮವರು’ ಎಂದಿತ್ತೇ? ಅಪ್ಪ ಮೀನುಬಂದರಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ಕಾಲ ಅದು. ‘ನಮ್ಮವರು’ ಎಂದಿದ್ದರೆ ಅದು ಬರೀ ಮನೆವಾರ್ತೆಯ ಮಾತು. ‘ಯಾರೋ’ ಎಂದಿದ್ದರೆ ಅಮ್ಮ ನಾವು ತಿಳಿದದ್ದಕ್ಕಿಂತ ದೊಡ್ಡವಳು. ನನ್ನ ಕಪಾಟಿನ ಯಾವ ಕವಿತೆಯ ಪುಸ್ತಕದಲ್ಲೂ ಆ ಸಾಲು ಸಿಗಲಿಲ್ಲ, ಅವಳೇ ಕಟ್ಟಿದ್ದಿರಬೇಕು. ನನಗಿಂತ ಹಿರಿಯಳು ನೀನು, ನಿನಗೆ ಸರಿಯಾಗಿ ನೆನಪಿರುತ್ತದೆ. ಕೇಳಲು ಈಗ ಬೇರೆ ಯಾರೂ ಉಳಿದಿಲ್ಲ.

ನಿನ್ನ ಮಂಡಿ ಹೇಗಿದೆ? ಆಪರೇಷನ್ ಆದಮೇಲೆ ಮೆಟ್ಟಿಲು ಹತ್ತಿ ಇಳಿಯುವುದು ಸುಲಭವಾಯಿತೇ? ಹಿತ್ತಲಿನ ಗಾಜಿನ ಕೋಣೆಯ ಕೆಲಸ ಮುಗಿಯಿತಂತೆ, ಸಂತೋಷ. ಡ್ಯಾರನ್‌ಗೆ ಬೆನ್ನುನೋವು ಕಡಿಮೆಯಾಗಿದೆಯೆಂದು ನಂಬಿದ್ದೇನೆ. ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರೂ ಜೂನ್ ತಿಂಗಳಲ್ಲಿ ನಿನ್ನ ಮಗಳು ಬ್ರೈಯನಿಯ ಬಟ್ಟೆಬರೆಯನ್ನೆಲ್ಲ ಕಸದ ಚೀಲಗಳಿಗೆ ತುಂಬಿ, ಒಬ್ಬನೇ ಹೊತ್ತು ಮುಂಬಾಗಿಲ ಮೆಟ್ಟಿಲ ಮೇಲೆ ತಂದಿಟ್ಟನೆಂದು ಕೇಳಿದೆ. ಮಲತಂದೆಯಾದರೇನು, ಶ್ರಮಕ್ಕೆ ಹಿಂಜರಿಯುವವನಲ್ಲ. ನೀನು ಆಗ ಕಳಿಸಿದ ಸಂದೇಶವನ್ನೂ ಅವಳು ನನಗೆ ತೋರಿಸಿದಳು: ‘ಸ್ವಲ್ಪ ದಿನ ನೀನು ಬೇರೆ ಕಡೆ ಇದ್ದರೆ ಎಲ್ಲರಿಗೂ ಉಸಿರಾಡಲು ಆಗುತ್ತೆ ಚಿನ್ನಾ.’ ಕೊನೆಯಲ್ಲಿ ಒಂದು ಪುಟ್ಟ ಹೃದಯದ ಚಿತ್ರ.

ಎಲ್ಲರೂ ಉಸಿರಾಡಿದಿರಿ. ಅವಳು ಬೇಸಿಗೆಯೆಲ್ಲ ಗೆಳತಿಯರ ಸೋಫಾಗಳ ಮೇಲೆ ಮಲಗಿದಳು. ಗೆಳತಿಯರಿಗೂ ತಾಯಂದಿರಿರುತ್ತಾರೆ, ಒಬ್ಬೊಬ್ಬರಾಗಿ ಅವರಿಗೂ ಉಸಿರು ಕಟ್ಟಿತು. ಸೆಪ್ಟೆಂಬರಿನಲ್ಲಿ ಬಸ್ಸು ಹತ್ತಿ ನನ್ನಲ್ಲಿಗೆ ಬಂದಳು. ನನ್ನ ಒಂಟಿ ಕೋಣೆ ನಿನಗೆ ಗೊತ್ತು, ಮಂಚದ ಪಕ್ಕ ಚಾಪೆ ಹಾಕಿದರೆ ಬಾಗಿಲು ತೆರೆಯುವುದಿಲ್ಲ. ಇನ್ನೊಬ್ಬರು ಕಂಡರೆ ನನ್ನನ್ನೂ ಬಿಡಿಸುತ್ತೇನೆಂದು ಮನೆ ಮಾಲೀಕ ಹೇಳಿದ್ದಾನೆ. ಆದರೂ ಅಲ್ಲೇ ಮಲಗಿದ್ದಾಳೆ, ಹೊರಗೆ ಯಾರಾದರೂ ಮೆಟ್ಟಿಲು ಹತ್ತಿದರೆ ಕೆಮ್ಮನ್ನೂ ನುಂಗುತ್ತಾಳೆ.

ನಾನು ಕೆಲಸ ಮಾಡುವ ಮನೆಯ ಬಗ್ಗೆ ನೀನು ಯಾವತ್ತೂ ಕೇಳಿಲ್ಲ, ಆದ್ದರಿಂದ ಹೇಳುತ್ತೇನೆ. ನೆಲೆಯಿಲ್ಲದ ಹುಡುಗ ಹುಡುಗಿಯರಿಗೆ ಅಲ್ಲಿ ಒಂದೊಂದು ಕೋಣೆ ಕೊಡುತ್ತೇವೆ. ಕಾಲೇಜಿಗೋ ಕೆಲಸಕ್ಕೋ ಹಚ್ಚುತ್ತೇವೆ. ಬಾಡಿಗೆ ಕಟ್ಟುವುದು, ಬಟ್ಟೆ ಒಗೆಯುವುದು, ಬೆಳಿಗ್ಗೆ ಏಳುವುದು ಕಲಿಸುತ್ತೇವೆ. ಆಮೇಲೆ ತಮ್ಮದೇ ಪುಟ್ಟ ಮನೆಗೆ ಕಳಿಸಿಕೊಡುತ್ತೇವೆ. ಬ್ರೈಯನಿಗೂ ಅಲ್ಲೊಂದು ಕೋಣೆ ಖಾಲಿಯಾಗಿದೆ. ನಾನು ಚಿಕ್ಕಮ್ಮ, ಅವಳ ವಿಷಯದಲ್ಲಿ ಕೈ ಹಾಕುವಂತಿಲ್ಲ. ನಮ್ಮ ಮೇಲ್ವಿಚಾರಕಿ ಮೋರೀನ್ ನೋಡಿಕೊಳ್ಳುತ್ತಾಳೆ. ಕೋಣೆ ತೋರಿಸಿದ ದಿನ ನಿನ್ನ ಮಗಳು ಕಿಟಕಿಯಿಂದ ಹೊರಗೆ ನೋಡಿ, ‘ಕಸದ ತೊಟ್ಟಿ ಜಾಸ್ತಿ, ಸಮುದ್ರ ಕಮ್ಮಿ’ ಎಂದಳು. ಆಮೇಲೆ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಅಡುಗೆಮನೆಯಿಂದ ಯಾವನೋ ಹುಡುಗ, ‘ಏ ಮಹಾರಾಣಿ, ಬೀಗ ಸವೆದುಹೋಗುತ್ತೆ, ಬಂದು ಆಲೂಗಡ್ಡೆ ಸುಲಿ’ ಎಂದು ಕೂಗಿದ. ಹೋಗಿ ಸುಲಿದಳು. ಅವನಿಗಿಂತ ದಪ್ಪ ಸಿಪ್ಪೆ ತೆಗೆದು, ‘ನಮ್ಮನೇಲಿ ಹೀಗೇನೇ’ ಎಂದಳು. ಅವಳು ನಕ್ಕಿದ್ದನ್ನು ನಾನು ಆ ತಿಂಗಳಲ್ಲಿ ಮೊದಲ ಸಲ ಕೇಳಿದ್ದು.

ಆದರೆ ನಗರಸಭೆಯ ವಸತಿ ಕಚೇರಿ ಒಪ್ಪದೆ ನಾವು ಯಾರನ್ನೂ ಸೇರಿಸಿಕೊಳ್ಳುವಂತಿಲ್ಲ. ಒಪ್ಪುವ ಮೊದಲು ಅವರು ತಾಯಿಗೆ ಫೋನ್ ಮಾಡಿ, ಮಗಳನ್ನು ಮನೆಗೆ ಸೇರಿಸುತ್ತೀರಾ ಎಂದು ಕೇಳುತ್ತಾರೆ. ಕಳೆದ ವಾರ ನಿನಗೂ ಫೋನ್ ಬಂತು.

ಲೊರೇನ್, ಅಮ್ಮನ ಫೋನಿನ ದನಿ ನೆನಪಿದೆಯಲ್ಲ? ಗಂಟೆ ಬಾರಿಸಿದೊಡನೆ ಕೈ ಒರೆಸಿ, ಬೆನ್ನು ನೆಟ್ಟಗೆ ಮಾಡಿ, ರೇಡಿಯೋದ ವಾರ್ತೆ ಓದುವವಳಂತೆ ಮಾತಾಡುತ್ತಿದ್ದಳು. ಬಾಡಿಗೆ ವಸೂಲಿಯವನಿಗೆ ನಮ್ಮ ಮನೆ ತುಂಬ ಜಮಖಾನ ಹಾಸಿದೆಯೆಂದೇ ಅನಿಸಿರಬೇಕು. ಫೋನ್ ಇಟ್ಟ ಕೂಡಲೇ ‘ಹಾಳಾದವನೇ’ ಎಂದು ತನ್ನ ದನಿಗೆ ಮರಳುತ್ತಿದ್ದಳು. ನಾವಿಬ್ಬರೂ ದಿಂಬಿನಲ್ಲಿ ಮುಖ ಹುದುಗಿಸಿ ನಗುತ್ತಿದ್ದೆವು. ಅಮ್ಮನ ಸೊತ್ತಿನಲ್ಲಿ ಉಂಗುರ ನನಗೆ ಬಂತು, ದನಿ ನಿನಗೆ ಬಂತು. ಕಚೇರಿಯ ಹುಡುಗನಿಗೆ ನೀನು ಹೇಳಿದೆಯಂತೆ: ‘ಅಯ್ಯೋ, ಇದೂ ಒಂದು ಕೇಳೋ ಮಾತಾ? ಅವಳ ಕೋಣೆ ಹಾಗೇ ಇದೆ. ಯಾವಾಗ ಬೇಕಾದ್ರೂ ಬರಲಿ, ಬಾಗಿಲು ತೆರೆದೇ ಇರುತ್ತೆ.’ ಅವನು ಮೋರೀನ್‌ಗೆ, ‘ಎಷ್ಟು ಒಳ್ಳೆಯ ತಾಯಿ! ಹುಡುಗೀಗೇ ಸ್ವಲ್ಪ ಹಟ ಅನ್ಸುತ್ತೆ’ ಎಂದ.

ಅಲ್ಲಿಗೆ ಮುಗಿಯಿತು. ತೆರೆದ ಬಾಗಿಲಿದ್ದೂ ಹೊರಗಿರುವವಳು ಅವರ ಲೆಕ್ಕದಲ್ಲಿ ‘ಬೇಕೆಂದೇ ಮನೆಯಿಲ್ಲದವಳು’. ಈ ಎರಡು ಪದಗಳನ್ನು ಯಾವ ಕವಿಯೂ ಒಂದೇ ಸಾಲಿನಲ್ಲಿ ಕೂರಿಸಲಾರ. ಕಚೇರಿಯವರು ದಿನಾ ಕೂರಿಸುತ್ತಾರೆ. ಅವಳನ್ನು ನಾನು ಕೆಲಸ ಮಾಡುವ ಮನೆಗೆ ಸೇರಿಸಲು ಒಪ್ಪಲಿಲ್ಲ. ಮೋರೀನ್ ಜಗಳವಾಡಿ ಶುಕ್ರವಾರದವರೆಗೆ ಕೋಣೆ ಉಳಿಸಿಕೊಂಡಿದ್ದಾಳೆ.

ಇದು ನನ್ನಿಂದ ತಡೆದುಕೊಳ್ಳಲಾಗುವ ಭಾಗ. ತಡೆಯಲಾಗದ್ದು, ಬ್ರೈಯನಿ ನಿನ್ನ ಮಾತನ್ನು ನಂಬಿದಳು ಎನ್ನುವುದು. ‘ಅಮ್ಮ ಹಾಗಂದ್ಲಾ? ಕೋಣೆ ಹಾಗೇ ಇದೆ ಅಂತಾನೇ ಅಂದ್ಲಾ?’ ಎಂದು ಮೋರೀನ್‌ಳನ್ನು ಮತ್ತೆ ಮತ್ತೆ ಕೇಳಿದಳು. ಶನಿವಾರ ತಲೆ ತೊಳೆದುಕೊಂಡು, ನಿನಗಿಷ್ಟವಾದ ನಿಂಬೆ ಮಿಠಾಯಿಯ ಪೊಟ್ಟಣ ಹಿಡಿದು, ಬಸ್ಸು ಹತ್ತಿ ನಿಮ್ಮ ಮನೆಗೆ ಬಂದಳು. ಯಾರೂ ಬಾಗಿಲು ತೆಗೆಯಲಿಲ್ಲ. ನೀವು ಪ್ರವಾಸ ಹೋಗಿದ್ದೀರೆಂದು ಪಕ್ಕದ ಮನೆಯ ಮಿಸೆಸ್ ಪಿಕರ್ಸ್‌ಗಿಲ್ ಹೇಳಿದರಂತೆ. ಕತ್ತಲಾದಮೇಲೆ ವಾಪಸು ಬಂದು, ‘ಪಾಪ, ಅವ್ರಿಗೂ ರಜೆ ಬೇಕಲ್ವಾ’ ಎಂದಳು. ಮಿಠಾಯಿಯನ್ನು ನನಗೂ ಕೊಡಲಿಲ್ಲ, ನೀನು ಬಂದಮೇಲೆ ಬೇಕಂತೆ. ಸೋಮವಾರ ಮೋರೀನ್‌ಗೆ, ‘ಆ ಕೋಣೆ ಬೇರೆಯವ್ರಿಗೆ ಕೊಟ್ಬಿಡಿ, ನಂಗೆ ಮನೆ ಇದೆ’ ಎಂದು ಹೇಳಿ ಬಂದಿದ್ದಾಳೆ.

ನಾನು ಪ್ರೀತಿ ಕೇಳುತ್ತಿಲ್ಲ ಲೊರೇನ್. ಅದನ್ನು ಕೇಳುವ ಕಾಲ ಹೋಯಿತು. ಗುರುವಾರ ಬೆಳಿಗ್ಗೆ ಆ ಕಚೇರಿಯಿಂದ ನಿನಗೆ ಇನ್ನೊಮ್ಮೆ ಫೋನ್ ಬರುತ್ತದೆ. ಬೆನ್ನು ನೆಟ್ಟಗೆ ಮಾಡಬೇಡ. ಫೋನ್ ಇಟ್ಟಮೇಲಿನ ದನಿಯಲ್ಲಿ ಹೇಳು: ‘ಅವಳನ್ನ ಹೊರಗೆ ಹಾಕಿದೀನಿ, ಇನ್ನು ಸೇರಿಸಲ್ಲ.’ ಆಮೇಲೆ ಅದನ್ನೇ ನಿನ್ನ ಮಗಳಿಗೂ ಹೇಳು. ಅಳುತ್ತಾಳೆ, ನಾನಿದ್ದೇನೆ. ಅತ್ತು ಮುಗಿದಮೇಲೆ ಬೀಗ ಹಾಕಿಕೊಳ್ಳಲು ಅವಳಿಗೊಂದು ಬಾಗಿಲಿರುತ್ತದೆ. ಒಳ್ಳೆಯ ತಾಯಿಯೆನಿಸಿಕೊಳ್ಳುವ ಆಸೆಯೊಂದನ್ನು ಅವಳಿಗಾಗಿ ಬಿಟ್ಟುಕೊಡು. ನೀನು ಅವಳಿಗೆ ಕೊಡಬಹುದಾದದ್ದು ಇನ್ನೇನೂ ಉಳಿದಿಲ್ಲ.

ಡ್ಯಾರನ್‌ಗೆ ನನ್ನ ನೆನಪು ತಿಳಿಸು. ನಿನ್ನ ಮಂಡಿ ಬೇಗ ಗಟ್ಟಿಯಾಗಲಿ, ಗಾಜಿನ ಕೋಣೆಗೆ ಈ ಚಳಿಗಾಲದಲ್ಲೂ ಒಳ್ಳೆಯ ಬಿಸಿಲು ಬೀಳಲಿ.

ನಿನ್ನ ತಂಗಿ,
ರೊವೀನಾ

ಮರೆತದ್ದು: ಬುಧವಾರ ಸಂಜೆ. ಅಂಚೆಗೆ ಹಾಕಿದರೆ ಗುರುವಾರಕ್ಕೆ ಮುಂಚೆ ತಲುಪದೆಂದು ನಾನೇ ಇದನ್ನು ತಂದೆ. ನಿಮ್ಮ ಬಸ್ ನಿಲ್ದಾಣದಲ್ಲಿ ಕೂತು, ಮೊಣಕಾಲ ಮೇಲಿಟ್ಟು ಈ ಸಾಲುಗಳನ್ನು ಸೇರಿಸುತ್ತಿದ್ದೇನೆ, ಅಕ್ಷರ ಅಂಕುಡೊಂಕಾಗಿದ್ದರೆ ಕ್ಷಮಿಸು. ಇದೀಗ ನಿಮ್ಮ ಗಂಟೆ ಒತ್ತಿ ಕಾದೆ. ಪರದೆ ಎಳೆದಿತ್ತು, ದೀಪವಿರಲಿಲ್ಲ, ಪ್ರವಾಸದಿಂದ ಬಂದಿಲ್ಲವೆಂದು ತಿರುಗಿದೆ. ಆಗ ಮಿಸೆಸ್ ಪಿಕರ್ಸ್‌ಗಿಲ್ ತಮ್ಮ ಬಾಗಿಲು ತೆರೆದು ಮನೆಚಪ್ಪಲಿಯಲ್ಲೇ ಹೊರಗೆ ಬಂದರು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಈ ಕಾಗದವನ್ನು ನಿನ್ನ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತೇನೆ: ‘ಒಳಗೇ ಇದಾಳೆ ಕಣಮ್ಮ, ಎಲ್ಲೂ ಹೋಗಿಲ್ಲ. ಆ ಮಗೂಗೆ ನನ್ನ ಬಾಯಲ್ಲಿ ಒಂದ್ಸಲ ಸುಳ್ಳು ಹೇಳಿಸಿದ್ಲು, ಇನ್ನೊಂದ್ಸಲ ನನ್ ಕೈಲಾಗಲ್ಲ. ಶನಿವಾರ ಅದು ಮೆಟ್ಟಿಲ ಮೇಲೆ ಕೂತಿದ್ದಷ್ಟು ಹೊತ್ತೂ ನಿಮ್ಮಕ್ಕ ಮೇಲಿನ ಕಿಟಕೀಲಿ ನಿಂತು ನೋಡ್ತಾನೇ ಇದ್ಲು, ದೀಪ ಆರಿಸ್ಕೊಂಡು.’